ಶ್ಯಾವಿಗೆಯ ಮಣೆ

ನನ್ನ ಊರು ಗೊಳಸಂಗಿ ಎಂದೊಡನೆ ಸಾಹಿತ್ಯಪ್ರಿಯರಾದ ಮಿತ್ರರ ಮುಖ ಅರಳುವುದುಂಟು. “ಹಾಗಾದರೆ ಮಧುರಚೆನ್ನರ ಊರಿನವರು ನೀವು!” ಎನ್ನುತ್ತಾರೆ. ಅವರ ಕಿವಿಗೆ ಬಿದ್ದದ್ದು ಹಲಸಂಗಿ. ಅದು ಇಂಡಿಯ ಕಡೆಯ ಊರು, ಭೀಮೆಯ ಸೀಮೆ. ನಮ್ಮದು ಬಸವನಬಾಗೇವಾಡಿಯ ಕಡೆಯದು, ಕೃಷ್ಣೆಯ ಸೀಮೆ. ಎರಡೂ ಒಂದೇ ಜಿಲ್ಲೆಯಲ್ಲಿದ್ದು ಒಂದೇ ಪ್ರಾಸದಲ್ಲಿ ಮುಗಿಯುವುದರಿಂದ ಈ ಗೌರವ ನನಗೆ ಆಗಾಗ ಬಿಟ್ಟಿಯಾಗಿ ಒದಗುತ್ತದೆ. ತಿದ್ದಿದಾಗ ಅರಳಿದ ಮುಖ ತುಸು ಬಾಡುತ್ತದೆ. ಇಂದು ಆ ತಿದ್ದುಪಡಿಯನ್ನು ಮೊದಲೇ ಮಾಡಿಬಿಡುತ್ತೇನೆ. ನಾನು ಹೇಳಹೊರಟಿರುವುದು ಕವಿಗಳ ವಿಷಯವಲ್ಲ, ಒಂದು ಹಲಗೆಯ ವಿಷಯ.

ಹಲಗೆಯೆಂದರೆ ಶ್ಯಾವಿಗೆಯ ಮಣೆ. ದಕ್ಷಿಣದ ವಾಚಕರಿಗೆ ಶ್ಯಾವಿಗೆಯೆಂದೊಡನೆ ಒತ್ತುವ ಒರಳು ನೆನಪಾದೀತು. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಅದರೊಳಗಿಟ್ಟು ಒತ್ತಿದರೆ ಕೆಳಗೆ ಎಳೆಗಳು ಇಳಿಯುತ್ತವೆ. ನಮ್ಮ ಕಡೆಯದು ಗೋದಿಯ ಶ್ಯಾವಿಗೆ. ಅದನ್ನು ಒತ್ತುವುದಿಲ್ಲ, ಹೊಸೆಯುತ್ತಾರೆ. ನಮ್ಮ ಮನೆಯಲ್ಲಿದ್ದ ಮಣೆ ಸಾಗುವಾನಿಯದು. ನಾಲ್ಕೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ. ಅದರ ಮೈಮೇಲೆ ಉದ್ದಕ್ಕೂ ಸಣ್ಣ ಸಣ್ಣ ಗೀರುಗಳು, ಒಂದರ ಮಗ್ಗುಲಿಗೆ ಒಂದು, ಶಾಲೆಯ ಹುಡುಗನ ಕಾಪಿಪುಸ್ತಕದ ಗೆರೆಗಳ ಹಾಗೆ. ಒಂದು ತುದಿಯನ್ನು ಹೊರಸಿನ ಮೇಲೆ ಎತ್ತರಕ್ಕಿಟ್ಟು ಇನ್ನೊಂದನ್ನು ಇಳಿಜಾರಾಗಿ ಬಿಡುತ್ತಾರೆ. ಮೇಲೆ ಒಬ್ಬಳು ಕುಳಿತು ನಾದಿದ ಹಿಟ್ಟಿನ ಮುದ್ದೆಯನ್ನು ಅಂಗೈಯಡಿಯಲ್ಲಿ ಗೀರುಗಳ ಗುಂಟ ಉಜ್ಜುತ್ತಾಳೆ. ಉಜ್ಜಿದಂತೆಲ್ಲ ಹಿಟ್ಟು ಎಳೆಯೊಡೆದು ಕೆಳಗಿಳಿಯುತ್ತದೆ. ಕೆಳಗೆ ಇನ್ನೊಬ್ಬಳು ಆ ಎಳೆಗಳನ್ನು ನೆಲಕ್ಕೆ ಮುಟ್ಟಗೊಡದೆ ಕೋಲಿನ ಮೇಲೆ ಹಿಡಿದುಕೊಂಡು ಒಣಗಹಾಕುತ್ತಾಳೆ.

ಈ ಮಣೆಯಿಂದ ಬೇರೆ ಯಾವ ಕೆಲಸವೂ ಆಗದು. ಚಪಾತಿ ಲಟ್ಟಿಸಲು ಬಾರದು, ಗೀರು ಮೂಡುತ್ತವೆ. ಊಟಕ್ಕೆ ಕೂಡಲು ಬಾರದು, ಚುಚ್ಚುತ್ತದೆ. ಬಟ್ಟೆ ಒಗೆಯಲು ಬಂದೀತೇನೋ. ಆದರೆ ಹಾಗೆ ಮಾಡಿದವಳನ್ನು ಓಣಿ ಸುಮ್ಮನೆ ಬಿಡುತ್ತಿರಲಿಲ್ಲ. ಬೇಸಗೆಯಲ್ಲಿ 4 ದಿನ ಶ್ಯಾವಿಗೆ ಹೊಸೆದರೆ ಮನೆಗೆ ವರುಷದ ಸಂಗ್ರಹವಾಯಿತು. ಉಳಿದ 361 ದಿನ ಮಣೆ ಅಟ್ಟದ ಮೇಲೆ ಹಳೆಯ ಧೋತರದಲ್ಲಿ ಸುತ್ತಿಸಿಕೊಂಡು ಮಲಗಿರುತ್ತಿತ್ತು. ಇಷ್ಟು ಕಡಿಮೆ ಕೆಲಸ ಮಾಡಿ ಇಷ್ಟು ಮರ್ಯಾದೆ ಪಡೆದ ಇನ್ನೊಂದು ವಸ್ತುವನ್ನು ನಾನು ನಮ್ಮ ಮನೆಯಲ್ಲಿ ಕಂಡಿಲ್ಲ.

ಅವ್ವ ತೀರಿಕೊಂಡ ಮರುವರುಷ ಅಣ್ಣತಮ್ಮಂದಿರು ಕೂಡಿ ಮನೆಯ ಸಾಮಾನು ಹಂಚಿಕೊಳ್ಳಲು ಕುಳಿತಾಗ ನಾನು ಬೇರೇನನ್ನೂ ಕೇಳಲಿಲ್ಲ, ಈ ಮಣೆಯನ್ನು ಕೇಳಿದೆ. ಧಾರವಾಡದ ನನ್ನ ಮನೆಯ ಪಡಸಾಲೆಯ ಗೋಡೆಗೆ ಹಾಕಬೇಕೆಂದು. ಯಾರೂ ಅಡ್ಡಬರಲಿಲ್ಲ, ತಾಮ್ರದ ಹಂಡೆಗೆ ಇದ್ದ ಸ್ಪರ್ಧೆ ಈ ಹಲಗೆಗೆ ಇರಲಿಲ್ಲ.

ಏಕೆ ಕೇಳಿದೆನೆಂಬುದಕ್ಕೆ ನನ್ನ ಒಂದು ದೌರ್ಬಲ್ಯವನ್ನು ಒಪ್ಪಿಕೊಳ್ಳಬೇಕು. ಒಂದೇ ಕೆಲಸಕ್ಕೆ ಹುಟ್ಟಿದ ಅಡಿಗೆಮನೆಯ ಸಾಮಾನು ಕಂಡರೆ ನನಗೆ ತಡೆಯುವುದಿಲ್ಲ. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆ ನೆರೆಯುತ್ತದೆ. ಎಲ್ಲರೂ ದನಗಳನ್ನೋ ನಾಟಕವನ್ನೋ ನೋಡಹೋದರೆ ನಾನು ನಿಲ್ಲುವುದು ತರಕಾರಿ ಹೆಚ್ಚುವವನ ಮುಂದೆ. ಅವನನ್ನು ನೀವೂ ನೋಡಿರಬೇಕು. ಕೊರಳಿಗೆ ಧ್ವನಿವರ್ಧಕ ಕಟ್ಟಿಕೊಂಡು, ಬಾಯಿಗೂ ಕೈಗೂ ಪಂದ್ಯವಿಟ್ಟವನಂತೆ, ಗಜ್ಜರಿಯನ್ನು ಸುರುಳಿಯಾಗಿಯೂ ಮೂಲಂಗಿಯನ್ನು ಮಲ್ಲಿಗೆಯಾಗಿಯೂ ಮಾಡಿ ರಾಶಿ ಹಾಕುತ್ತಿರುತ್ತಾನೆ. ಆ ರಾಶಿಯನ್ನು ರಾತ್ರಿ ಯಾರು ತಿನ್ನುತ್ತಾರೆಂಬ ಪ್ರಶ್ನೆ ನನ್ನನ್ನು ಪ್ರತಿ ವರುಷವೂ ಕಾಡುತ್ತದೆ. ನಾನು 50 ರೂಪಾಯಿ ಕೊಟ್ಟು ಒಂದನ್ನು ಕೊಳ್ಳುತ್ತೇನೆ. ಮನೆಗೆ ಬಂದು ಪ್ರಯೋಗಿಸಿದರೆ ಗಜ್ಜರಿ ಸೀಳುತ್ತದೆ, ಬೆರಳು ಮಾತ್ರ ಸುರುಳಿಯಾಗಿ ಹೆಚ್ಚಿಕೊಳ್ಳುತ್ತದೆ. ನಾನು ಕೊಂಡದ್ದು ಉಪಕರಣವನ್ನು. ಅವನು ಮಾರಿದ್ದಕ್ಕಿಂತ ಹೆಚ್ಚಿನದನ್ನು, ಎಂದರೆ ಅವನ ಕೈಯನ್ನು, ತನ್ನಲ್ಲೇ ಉಳಿಸಿಕೊಂಡಿರುತ್ತಾನೆ.

ಹೀಗೆ ನಮ್ಮ ಅಡಿಗೆಮನೆಯ ಒಂದು ಖಾನೆ ತುಂಬಿದೆ. ಬೆಳ್ಳುಳ್ಳಿ ಸುಲಿಯುವ ರಬ್ಬರಿನ ಕೊಳವೆ, ದಾಳಿಂಬೆಯ ಕಾಳು ಉದುರಿಸುವ ಬಟ್ಟಲು, ಗೋವಿನಜೋಳದ ತೆನೆ ಬಿಡಿಸುವ ಉಂಗುರ. ಬೇಯಿಸಿದ ಮೊಟ್ಟೆಯನ್ನು ಹೋಳುಮಾಡುವ ತಂತಿಯ ಚೌಕಟ್ಟೂ ಉಂಟು. ನಮ್ಮ ಮನೆಯಲ್ಲಿ ಮೊಟ್ಟೆ ಬೇಯುವುದಿಲ್ಲ. ಮತ್ತೇಕೆ ಕೊಂಡಿರಿ ಎಂದು ನನ್ನ ಮನೆಯಾಕೆ ಕೇಳಿದಂತೆ ವಾಚಕರು ಕೇಳಬಾರದು. ಅದರ ತಂತಿಗಳನ್ನು ಬೆರಳಿನಿಂದ ಮೀಟಿದರೆ ಪುಟ್ಟ ಸ್ವರಮಂಡಲದಂತೆ ನುಡಿಯುತ್ತದೆ. ಈ ವಸ್ತುಗಳ ಆಕರ್ಷಣೆ ಏನೆಂದು ನಾನು ಬಹಳ ಯೋಚಿಸಿದ್ದೇನೆ. ಬಾಳಿನ ನೂರು ತೊಡಕುಗಳಲ್ಲಿ ಒಂದನ್ನು, ಬೆಳ್ಳುಳ್ಳಿಯ ಸಿಪ್ಪೆಯಂಥ ಒಂದೇ ಒಂದನ್ನು, ಸಂಪೂರ್ಣವಾಗಿ ಬಗೆಹರಿಸಿಕೊಡುತ್ತೇನೆಂದು ಅದು ಮಾತು ಕೊಡುತ್ತದೆ. ನಾನು ಏತಕ್ಕೆ ಬಂದವನೆಂಬ ಸಂಶಯ ಮನುಷ್ಯನಿಗೆ ಅರುವತ್ತು ದಾಟಿದರೂ ಬಿಡುವುದಿಲ್ಲ. ಆ ಉಂಗುರಕ್ಕೆ ಅಂಥ ಸಂಶಯವೇ ಇಲ್ಲ.

ಅಮೆರಿಕದ ದೂರದರ್ಶನದಲ್ಲಿ ಅಡಿಗೆಯ ಪಾಠ ಹೇಳಿ ಹೆಸರಾದ ಆಲ್ಟನ್ ಬ್ರೌನ್ ಎಂಬಾತ ಇಂಥ ಸಾಮಾನುಗಳ ಕಡುವೈರಿ. ಒಂದೇ ಕೆಲಸದ ವಸ್ತುವಿಗೆ ಅಡಿಗೆಮನೆಯಲ್ಲಿ ಸ್ಥಳವಿಲ್ಲ, ಬೆಂಕಿ ನಂದಿಸುವ ಕೊಳವೆಯೊಂದಕ್ಕೆ ಮಾತ್ರ ವಿನಾಯಿತಿ, ಎಂಬುದು ಆತನ ಪ್ರಸಿದ್ಧ ನಿಯಮ. ನನ್ನ ಖಾನೆಯ ಮಟ್ಟಿಗೆ ಆತನ ಮಾತು ಪೂರ್ಣ ಸತ್ಯ. ಆದರೆ ಆತನ ನಿಯಮದಂತೆ ನಮ್ಮ ಕಡೆಯ ಹಳೆಯ ಅಡಿಗೆಮನೆಯನ್ನು ಜಾಡಿಸಿದರೆ ಏನು ಉಳಿದೀತು? ಬೀಸುವ ಕಲ್ಲು ಬೀಸುವುದನ್ನು ಬಿಟ್ಟು ಇನ್ನೇನನ್ನೂ ಮಾಡದು. ಕಡೆಗೋಲು ಮಜ್ಜಿಗೆಯನ್ನಷ್ಟೇ ಕಡೆಯುತ್ತದೆ. ಅದನ್ನು ಉಡುಪಿಯ ಕೃಷ್ಣನೇ ಕೈಯಲ್ಲಿ ಹಿಡಿದು ನಿಂತಿರುವುದರಿಂದ ಆಲ್ಟನ್ ಬ್ರೌನರು ಕಸಿದುಕೊಳ್ಳಲಾರರು. ಪಡ್ಡಿನ ಹಂಚಿನಲ್ಲಿ ಪಡ್ಡು ಬಿಟ್ಟರೆ ಬೇರೇನಿಲ್ಲ ಎಂದು ನಾನು ತಿಳಿದಿದ್ದೆ. ಅದೇ ಗುಳಿಗಳ ಹಂಚಿನಲ್ಲಿ ಡೆನ್ಮಾರ್ಕಿನವರು ಕ್ರಿಸ್ಮಸ್ ಕಾಲಕ್ಕೆ ಸಿಹಿಯುಂಡೆಗಳನ್ನು ಬೇಯಿಸುತ್ತಾರೆ, ಜಪಾನಿನ ಒಸಾಕಾದವರು ಅಷ್ಟಪದಿಯೆಂಬ ಸಮುದ್ರಜೀವಿಯ ತುಣುಕುಗಳನ್ನಿಟ್ಟು ‘ತಾಕೋಯಾಕಿ’ ಮಾಡುತ್ತಾರೆ. ಮೂರು ದೇಶದವರು ಒಬ್ಬರನ್ನೊಬ್ಬರು ಕೇಳದೆ ಹಂಚಿಗೆ ಗುಳಿ ಬೀಳಿಸಿದ್ದು ನನಗೆ ಬಹಳ ಸಂತೋಷದ ಸಂಗತಿ.

ಶಿಖರಪ್ರಾಯವಾದದ್ದು ಸಕ್ಕರೆ ಆರತಿಯ ಅಚ್ಚು. ಕಾರ್ತಿಕದ ಗೌರಿ ಹುಣ್ಣಿಮೆಗೆ ನಮ್ಮ ಕಡೆ ಹೆಣ್ಣುಮಕ್ಕಳು ಸಕ್ಕರೆಯ ಆರತಿಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ. ಅವನ್ನು ಎರೆಯುವ ಅಚ್ಚು ಮರದ್ದು, ಎರಡು ಹೋಳು. ಒಳಗೆ ತೇರು, ಆನೆ, ಗಿಳಿ, ತುಳಸೀವೃಂದಾವನಗಳನ್ನು ತಿರುವುಮುರುವಾಗಿ ಕೆತ್ತಿರುತ್ತಾರೆ. ಅಚ್ಚನ್ನು ಮೊದಲು ನೀರಿನಲ್ಲಿ ನೆನೆಯಿಡಬೇಕು, ಇಲ್ಲದಿದ್ದರೆ ಸಕ್ಕರೆ ಮರಕ್ಕೆ ಕಚ್ಚಿಕೊಳ್ಳುತ್ತದೆ. ಪಾಕಕ್ಕೆ ತುಸು ಹಾಲು ಹಾಕಿ ಕೊಳೆ ತೆಗೆದು, ಹದ ಬಂದಾಗ ತಿರುವಿ, ಬಿಳುಪೇರುವ ಹೊತ್ತಿಗೆ ಬಿಗಿದು ಕಟ್ಟಿದ ಅಚ್ಚಿನೊಳಗೆ ಸುರಿಯಬೇಕು. ಒಂದು ಕ್ಷಣ ಮುಂಚೆಯಾದರೆ ಸೋರುತ್ತದೆ, ಒಂದು ಕ್ಷಣ ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಕಟ್ಟು ಬಿಚ್ಚಿ ಹೋಳು ಬೇರ್ಪಡಿಸುವಾಗ ಮನೆಯ ಮಕ್ಕಳೆಲ್ಲ ಉಸಿರು ಹಿಡಿದು ಸುತ್ತ ನಿಂತಿರುತ್ತಿದ್ದೆವು. ಗಿಳಿಯ ಕೊಕ್ಕು ಮುರಿಯಲಿ ಎಂಬುದು ನಮ್ಮೊಳಗಿನ ಗುಟ್ಟಿನ ಪ್ರಾರ್ಥನೆ. ಮುರಿದ ಗಿಳಿ ಗೌರಿಗೆ ಸಲ್ಲದು, ನಮಗೆ ಸಲ್ಲುತ್ತದೆ.

ಬಾಗೇವಾಡಿ ಬಸವಣ್ಣನವರ ಊರಾದ್ದರಿಂದ ನಮಗೆ ಶರಣರ ಹೆಸರುಗಳು ಬಾಯಲ್ಲೇ ಇರುತ್ತವೆ. ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ, ಸೂಜಿಕಾಯಕದ ರಾಮಿತಂದೆ. ಒಬ್ಬಳು ಧಾನ್ಯ ಕುಟ್ಟಿದಳು, ಒಬ್ಬಳು ನೂತಳು, ಒಬ್ಬನು ಸೂಜಿ ಹಿಡಿದನು. ಕೆಲಸದ ಹೆಸರು ಮೊದಲು, ತಂದೆತಾಯಿ ಇಟ್ಟ ಹೆಸರು ಆಮೇಲೆ. ಇನ್ನು ಬೀಸುವ ಕಲ್ಲಿನ ಮಾತು. ಹಲಸಂಗಿಯನ್ನು ಮೊದಲೇ ದೂರವಿಟ್ಟೆನಾದರೂ ಇಲ್ಲಿ ಕರೆಯದೆ ಗತಿಯಿಲ್ಲ. ಅಲ್ಲಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದರು. ಅಂಥ ಹಾಡುಗಳಿಗೆ ಬೀಸುಕಲ್ಲಿನ ಮುಂಜಾವೇ ತವರು. ಒಂದೇ ಸುತ್ತು ಸುತ್ತುವ ಕಲ್ಲು ಬುದ್ಧಿಯನ್ನು ಬಿಡುವಾಗಿಡುತ್ತದೆ, ತೋಳನ್ನು ಮಾತ್ರ ದುಡಿಸುತ್ತದೆ. ಹಿಟ್ಟಿನ ಗಿರಣಿ ಬಂದ ಊರಿನಲ್ಲಿ ತೋಳಿಗೆ ಸುಖವಾಯಿತು, ಆ ಸುಖವನ್ನು ನಾನು ಹಳಿಯುವವನಲ್ಲ. ನಮ್ಮ ಅವ್ವನ ಅಂಗೈಯ ಜಡ್ಡು ನೋಡಿದವರು ಯಾರೂ ಬೀಸುಕಲ್ಲಿನ ಮಹಿಮೆಯನ್ನು ದೂರ ನಿಂತು ಹಾಡಲಾರರು.

ಆಮೇಲೆ ಬಂದದ್ದು ಹಲವು ಕೆಲಸದ ಯಂತ್ರದ ಕಾಲ. ಪರದೇಶದ ಮಿಕ್ಸರು ನಮ್ಮ ನೆನೆದ ಬೇಳೆಗೆ, ಒಣಕೊಬ್ಬರಿಗೆ ಸೋತು ಮೋಟರು ಸುಟ್ಟುಕೊಳ್ಳುತ್ತಿದ್ದುದನ್ನು ಕಂಡು ಮುಂಬಯಿಯ ಇಂಜಿನಿಯರ್ ಸತ್ಯಪ್ರಕಾಶ ಮಾಥುರರು 1960ರ ದಶಕದಲ್ಲಿ ಬಲವಾದ ಮೋಟರಿನ ‘ಸುಮೀತ್’ ಮಿಕ್ಸರನ್ನು ರೂಪಿಸಿದರು. ಒಂದು ಮೋಟರು, ಮೇಲೆ ಬದಲಾಯಿಸುವ ಪಾತ್ರೆಗಳು. ಒರಳು, ಕುಟ್ಟಾಣಿ, ಕಡೆಗೋಲು ಎಲ್ಲ ಒಂದೇ ಪೀಠದಲ್ಲಿ. ಇಂದು ನಮ್ಮ ಭಾಗದ ಕೂಡಗಿಯಲ್ಲೇ 2400 ಮೆಗಾವಾಟ್ ವಿದ್ಯುತ್ತಿನ ಸ್ಥಾವರವಿದೆ. ಗೊಳಸಂಗಿಯ ಮನೆಗಳಲ್ಲೂ ಮಿಕ್ಸರು ಮೊರೆಯುತ್ತದೆ. ಶ್ಯಾವಿಗೆಗೂ ಯಂತ್ರ ಬಂದಿದೆ. ಹಿಟ್ಟು ಒಯ್ದು ಕೊಟ್ಟರೆ ಅರ್ಧ ಗಂಟೆಯಲ್ಲಿ ಎಳೆ ಇಳಿಸಿಕೊಡುತ್ತಾರೆ. ಎಲ್ಲ ಎಳೆಗಳೂ ಒಂದೇ ಗಾತ್ರ. ರುಚಿಯಲ್ಲಿ ಕೊರತೆಯೆಂದು ಹೇಳಿದರೆ ಅದು ನನ್ನ ನಾಲಗೆಯ ಮಾತಲ್ಲ, ವಯಸ್ಸಿನ ಮಾತು.

ಅದಿರಲಿ, ಮಣೆಗೆ ಬರುತ್ತೇನೆ. ನಾನು ಚಿಕ್ಕವನಿದ್ದಾಗ ಬೇಸಗೆ ಬಂತೆಂದರೆ ಮಣೆ ಅಟ್ಟದಿಂದಿಳಿಯುತ್ತಿತ್ತು. ವಾರ ಮುಂಚೆ ಗೋದಿಯನ್ನು ನೀರು ಚಿಮುಕಿಸಿ ಆರಿಸಿ ಬೀಸಿ, ಹಿಟ್ಟನ್ನು ತೆಳುವಸ್ತ್ರದಲ್ಲಿ ಸೋಸಿ ಇಟ್ಟಿರುತ್ತಿದ್ದರು. ನಸುಕಿನಲ್ಲಿ ಅದನ್ನು ಕಲಸಿ, ಎಣ್ಣೆಗೈಯಿಂದ ನಾದಿ, ಕುಟ್ಟಿ, ಎಳೆದರೆ ಹರಿಯದಷ್ಟು ಜಿಗುಟು ಬಂದ ಮೇಲೆ ಮಣೆಗೆ ತರುತ್ತಿದ್ದರು. ಗೋದಿಯಲ್ಲಿ ಆ ಜಿಗುಟು ಇದೆ, ಜೋಳದಲ್ಲಿಲ್ಲ. ಆದ್ದರಿಂದಲೇ ಜೋಳಕ್ಕೆ ಬಿಸಿನೀರು, ಬಡಿತ, ರೊಟ್ಟಿ. ಗೋದಿಗೆ ಎಳೆತ, ಶ್ಯಾವಿಗೆ. ಬಿಸಿಲೇರಿದರೆ ಹಿಟ್ಟು ಒಣಗಿ ಎಳೆ ತುಂಡಾಗುತ್ತದೆಂದು ಕೆಲಸವೆಲ್ಲ ಹೊತ್ತೇರುವ ಮುಂಚೆ. ಹೊಸೆಯುವವಳು ಒಬ್ಬಳು, ಹಿಡಿಯುವವಳು ಒಬ್ಬಳು, ಕೋಲು ಸಾಗಿಸುವವಳು ಒಬ್ಬಳು. ಒಂಟಿ ಹೆಂಗಸಿಗೆ ಈ ಮಣೆಯಿಂದ ಪ್ರಯೋಜನವಿಲ್ಲ. ನಮ್ಮದು ಮುಗಿದ ಮೇಲೆ ಮಣೆ ಓಣಿಯಲ್ಲಿ ಸಂಚಾರ ಹೊರಡುತ್ತಿತ್ತು. ಇಂದು ಈ ಮನೆ, ನಾಲ್ಕು ದಿನ ಬಿಟ್ಟು ಆ ಮನೆ. ಅವ್ವನ ಔದಾರ್ಯವೆಂದು ನಾನು ತಿಳಿದಿದ್ದೆ. ನಮ್ಮ ಮಣೆಯನ್ನು ಬೇಡಲು ಬರುವವರ ಮುಂದೆ ನನಗೆ ಜಹಗೀರುದಾರನ ಗತ್ತು ಬರುತ್ತಿತ್ತು.

ಅಪ್ಪನೂ ಕಾಕಾನೂ ಹೊಲ ಹಂಚಿಕೊಂಡ ವರುಷ ಎರಡು ಮನೆಗಳಿಗೆ ಮಾತು ನಿಂತಿತ್ತು. ನಡುವೆ ಒಂದೇ ಗೋಡೆ. ಆ ಬೇಸಗೆ ಚಿಗವ್ವ ಮಣೆ ಕೇಳಲು ಬಂದಳು. ಅವ್ವ ಒಳಗೆ ಇದ್ದಳು, ಹೊರಗೆ ಬರಲಿಲ್ಲ. ಹತ್ತು ವರುಷದ ನಾನು ಬಾಗಿಲಲ್ಲಿ ನಿಂತಿದ್ದೆ. “ಮಣಿ ನಮ್ದು. ಕೊಡೂದಿಲ್ಲ” ಎಂದೆ. ಯಾರೂ ಹೇಳಿಕೊಟ್ಟ ಮಾತಲ್ಲ. ಹಿರಿಯರ ಮುಖ ನೋಡಿ ನಾನೇ ಕಟ್ಟಿದ ಮಾತು. ಚಿಗವ್ವ ಒಂದು ಗಳಿಗೆ ನಿಂತಳು, ಸೆರಗು ಸರಿಪಡಿಸಿಕೊಂಡಳು, ಹೋದಳು. ಅವ್ವ ನನ್ನನ್ನು ಬೈಯಲಿಲ್ಲ. ಹೊಗಳಲೂ ಇಲ್ಲ. ಮುಂದಿನ ವರುಷಕ್ಕೆ ಮನೆಗಳು ಕೂಡಿದವು, ಮಣೆ ಮತ್ತೆ ಗೋಡೆ ದಾಟಿತು, ಎಲ್ಲರೂ ಮರೆತರು.

ಹಂಚಿಕೆಯ ದಿನ ನಾನು ಮಣೆಯನ್ನು ಧೋತರದಲ್ಲಿ ಸುತ್ತಿ ಮೋಟರಿನ ಬಳಿಗೆ ಒಯ್ಯುತ್ತಿದ್ದಾಗ ಚಿಗವ್ವ ತನ್ನ ಕಟ್ಟೆಯ ಮೇಲೆ ಕುಳಿತಿದ್ದಳು. ಎಂಬತ್ತು ದಾಟಿದೆ, ಕಣ್ಣು ಮಂದ, ಕಿವಿ ಚುರುಕು.

“ಏನದು, ಮಣಿ ಏನು? ಒಯ್ದು ಏನ ಮಾಡ್ತಿಯೋ ತಮ್ಮಾ?”

“ಗ್ವಾಡಿಗೆ ಹಾಕ್ತೀನಿ ಚಿಗವ್ವಾ. ಮನಿಗೆ ಬಂದವರು ನೋಡ್ತಾರ.”

“ಗ್ವಾಡಿಗೆ? ಅದೇನ ನಿಮ್ಮಪ್ಪನ ಫೋಟೋ ಏನು?” ಎಂದಳು. ತುಸು ತಡೆದು, “ಒಯ್ಯೂ ಮೊದಲ ಡಬ್ಬ ಹಾಕಿ ನೋಡು” ಎಂದಳು.

ಕಟ್ಟೆಯ ಮೇಲೆ ಧೋತರ ಬಿಚ್ಚಿ ಮಣೆಯನ್ನು ಬೋರಲು ಹಾಕಿದೆ. ಅರುವತ್ತು ವರುಷ ಮೇಲುಮೈಯನ್ನು ನೋಡಿದವನು ಅದರ ಬೆನ್ನನ್ನು ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಉಳಿಯಿಂದ ಕೊರೆದ ಐದು ಗುರುತುಗಳಿದ್ದವು. ಒಂದು ಸೂರ್ಯ, ಒಂದು ಅರ್ಧಚಂದ್ರ, ಒಂದು ಕುಡುಗೋಲು, ಒಂದು ಬಾಚಣಿಗೆ. ಐದನೆಯದು ಬರಿಯ ಎರಡು ಗೀಟು.

“ಐದು ಮನೀಯವರು ಪಟ್ಟಿ ಹಾಕಿ ಮಾಡಿಸಿದ್ದು” ಎಂದಳು ಚಿಗವ್ವ. “ಕೂರಗಿ ಕುಂಟಿ ಅಂದ್ರ ಬಡಿಗ್ಯಾ ಆಯದ ಜ್ವಾಳದಾಗ ಮಾಡ್ತಿದ್ದ. ಇದಕ್ಕ ರೊಕ್ಕ ಕೇಳಿದ. ಒಬ್ಬರಿಗೆ ನೀಗೂ ಹಂಗಿರಲಿಲ್ಲ. ನಮ್ಮತ್ತಿ ಕಾಲದ ಮಾತು. ಎರಡು ಗೀಟು ಅದಾವಲಾ, ಅವು ನಮ್ಮ ಒಟ್ಟಿನ ಮನೀವು.”

“ಮತ್ತ ನಮ್ಮ ಅಟ್ಟದಾಗ ಯಾಕ ಇಡ್ತಿದ್ರಿ?”

“ನಿಮ್ಮ ಭಾಗಕ್ಕ ಅಟ್ಟ ಬಂದಿತ್ತಲ್ಲ. ಉಳಿದವರ ಮನ್ಯಾಗ ಹುಳ ಹತ್ತತಿತ್ತು.”

ನನ್ನ 361ರ ಲೆಕ್ಕ ಅಲ್ಲಿಯೇ ಕುಸಿಯಿತು. ಐದು ಮನೆಗೆ ನಾಲ್ಕು ದಿನದಂತೆ 20 ದಿನ. ಅದರ ಮೇಲೆ ಮದುವೆಯ ಮನೆಗಳು. ಒಂದೇ ಕೆಲಸ ಮಾಡುವ ಮಣೆಯಾದ್ದರಿಂದಲೇ ಅದು ಐದು ಮನೆಗೆ ಸಾಕಾಗಿತ್ತು. ದಿನವೂ ಬೇಕಾಗುವ ಹಂಚನ್ನೋ ಚಾಕುವನ್ನೋ ಯಾರೂ ಐವರು ಕೂಡಿ ಮಾಡಿಸಲಾರರು. ಧಾರವಾಡದ ನನ್ನ ಖಾನೆ ನೆನಪಾಯಿತು. ಅದೇ ದಾಳಿಂಬೆಯ ಬಟ್ಟಲು ನಮ್ಮ ಬಡಾವಣೆಯ ಇನ್ನೆಷ್ಟು ಖಾನೆಗಳಲ್ಲಿ ಬೀಗ ಹಾಕಿಸಿಕೊಂಡು ಬಿದ್ದಿದೆಯೋ! ನೆರೆಯವರ ಬಾಗಿಲು ತಟ್ಟಿ ಅದನ್ನು ಕೇಳುವ ಧೈರ್ಯ ನನಗಿಲ್ಲ, ನನ್ನಲ್ಲಿ ಕೇಳುವ ಧೈರ್ಯ ಅವರಿಗಿಲ್ಲ.

ಆಮೇಲೆ ನಾನು ಕೇಳಬಾರದಿತ್ತೇನೋ, ಕೇಳಿದೆ. “ಹಂಗಾದ್ರ ಆ ವರ್ಷ ನೀ ಯಾಕ ಹೇಳಲಿಲ್ಲ ಚಿಗವ್ವಾ? ನಿಂದೂ ಪಾಲು ಐತಿ ಅಂತ?”

ಯಾವ ವರುಷವೆಂದು ಆಕೆ ಕೇಳಲಿಲ್ಲ. “ಯಾರಿಗೆ ಹೇಳ್ಲಿ? ಬಾಗಲದಾಗ ನಿಂತಾಂವ ನೀನು. ನನ್ನ ತೊಡಿ ಮ್ಯಾಲೆ ಬೆಳದ ಹುಡುಗ. ನಿನ್ನ ಕೂಡ ವಾದ ಮಾಡ್ಲೇನು?”

“ಆ ವರ್ಷ ಶ್ಯಾವಿಗಿ?”

“ಬರೇ ಕೈಲೇ ಹೊಸದ್ನಿ. ದಪ್ಪ ಆದೂ. ನಿಮ್ಮ ಕಾಕಾ ಬಟ್ಟಲದಾಗ ನೋಡಿ, ಇದೇನ ಹಗ್ಗ ಅಂತ ನಕ್ರು.” ಆಕೆಯೂ ನಕ್ಕಳು. ನನಗೆ ನಗಲು ಆಗಲಿಲ್ಲ.

ಐದು ಮನೆಗಳಲ್ಲಿ ಈಗ ಸೂರ್ಯನ ಮನೆಗೆ ಬೀಗ ಬಿದ್ದಿದೆ, ಮಕ್ಕಳು ಗೋವೆಯಲ್ಲಿ ದುಡಿಯುತ್ತಾರೆ. ಬಾಚಣಿಗೆಯ ಮನೆ ಮಾರಿಹೋಗಿದೆ. ಉಳಿದವರು ಗಿರಣಿಯ ಶ್ಯಾವಿಗೆ ತರುತ್ತಾರೆ. ಮಣೆಯನ್ನು ಯಾರೂ ಬೇಡುವುದಿಲ್ಲ. ಆದರೂ ನಾನು ಒಯ್ಯಲಿಲ್ಲ. ಧೋತರವನ್ನು ಮತ್ತೆ ಸುತ್ತಿ ಚಿಗವ್ವನ ಮನೆಯ ಒಳಕೋಣೆಯಲ್ಲಿಟ್ಟೆ. ಅಣ್ಣಂದಿರಿಗೆ ವಿವರ ಹೇಳಿದಾಗ ಒಬ್ಬನು, ಹಾಗಾದರೆ ನಿನ್ನ ಪಾಲಿಗೆ ಏನೂ ಬರಲಿಲ್ಲವಲ್ಲ ಎಂದು ಮರುಗಿ ಒಂದು ಹಿತ್ತಾಳೆಯ ತಂಬಿಗೆ ಕೊಟ್ಟನು.

ಕಳೆದ ಚೈತ್ರದಲ್ಲಿ ಚಿಗವ್ವ ಫೋನು ಮಾಡಿಸಿದಳು. ಗೋದಿ ಹದಮಾಡಿ ಇಟ್ಟಿದ್ದೇನೆ, ಮೊಮ್ಮಗಳು ಹೊಸೆಯುವುದು ಕಲಿಯುತ್ತೇನೆನ್ನುತ್ತಾಳೆ, ಕೆಳಗೆ ಹಿಡಿಯುವವರಿಲ್ಲ, ಗಂಡಹೆಂಡತಿ ಬನ್ನಿ ಎಂದು. ಹೋದೆವು. ನನ್ನ ಮನೆಯಾಕೆಗೆ ಹಿಟ್ಟು ನಾದುವ ಕೆಲಸ ಬಿತ್ತು. ಹುಡುಗಿ ಹೊರಸನ್ನೇರಿದಳು, ಚಿಗವ್ವ ಆಕೆಯ ಕೈಯ ಮೇಲೆ ತನ್ನ ಕೈಯಿಟ್ಟು ಉಜ್ಜಿಸಿದಳು. ಗಂಡಸರು ಮುಟ್ಟದ ಆ ಕೋಲು ಈ ವಯಸ್ಸಿನಲ್ಲಿ ನನ್ನ ಕೈಗೆ ಬಂತು. ಮೊದಲ ಸಲ ಎಳೆ ನಡುವೆ ಹರಿಯಿತು. ಎರಡನೆಯ ಸಲ ನಾನು ಅವಸರಪಟ್ಟೆ, ಅರ್ಧ ನೆಲದ ಪಾಲಾಯಿತು. ಅದಕ್ಕಾಗಿಯೇ ಕಾದಿದ್ದ ಕೋಳಿಯೊಂದು ಓಡಿಬಂತು.

“ಬಗ್ಗಿ ಹಿಡಿ” ಎಂದಳು ಚಿಗವ್ವ ಮೇಲಿನಿಂದ. “ಕಾಲೇಜಿನ ಮಾಸ್ತರ ಅಂತ ನಿಂತs ಇರಬ್ಯಾಡ. ಬರ್ತಾವ ನೋಡು ಈಗ.”